ಗವಿಪುರದ ತಗ್ಗಿನಲ್ಲಿ ಕೆಂಪಾಂಬುಧಿ

ದಕ್ಷಿಣ ಬೆಂಗಳೂರಿನ ಶ್ರೀನಗರ, ಹನುಮಂತನಗರ, ಗವಿಪುರ ಮತ್ತು ಕೆಂಪೇಗೌಡನಗರ ಬಡಾವಣೆಗಳ ನಡುವಣ ತಗ್ಗಿನಲ್ಲಿರುವ ಕೆಂಪಾಂಬುಧಿಯು, ಯಲಹಂಕ ನಾಡಪ್ರಭುಗಳಾದ ಕೆಂಪೇಗೌಡರ ಮನೆತನದವರು ತಾವು ಕಟ್ಟಿದ ಹೊಸ ಊರಿನ ನೀರಿನ ಅಗತ್ಯಕ್ಕಾಗಿ ನಿರ್ಮಿಸಿದ ಕೆರೆಗಳ ಪೈಕಿ ಇಂದಿಗೂ ನೀರು ಉಳಿಸಿಕೊಂಡಿರುವ ಕೆಲವೇ ಕೆರೆಗಳಲ್ಲಿ ಒಂದು. ಅದರ ಒಂದು ಮಗ್ಗುಲಿಗೆ ಗವಿ ಗಂಗಾಧರೇಶ್ವರನ ಗುಹಾದೇವಾಲಯವೂ ಕೆಂಪೇಗೌಡ ಗೋಪುರವೂ ಇದ್ದರೆ ಉಳಿದ ಕಡೆಗಳಲ್ಲಿ ಒತ್ತೊತ್ತಾಗಿ ಬೆಳೆದ ಮನೆಗಳ ಸಾಲುಗಳಿವೆ. ದಡದಲ್ಲಿ ನಡಿಗೆಯ ದಾರಿಯಿದೆ, ನೀರಿನ ಮೇಲೆ ಹಕ್ಕಿಗಳಿವೆ. ಇತಿಹಾಸ, ನಿಸರ್ಗ ಮತ್ತು ವಿಹಾರಗಳು ಇಷ್ಟು ಕಡಿಮೆ ಅಂತರದಲ್ಲಿ ಕೂಡಿಬಂದಿರುವ ನೀರಿನ ಅಂಚಿನ ತಾಣ ನಗರದ ಈ ಭಾಗದಲ್ಲಿ ಲಾಲ್‌ಬಾಗನ್ನು ಬಿಟ್ಟರೆ ಬೇರೆ ಸಿಗುವುದು ಕಷ್ಟ. ಆದರೆ ಲಾಲ್‌ಬಾಗ್ 1760ರಲ್ಲಿ ಹೈದರ್ ಅಲಿಯ ಕಾಲಕ್ಕೆ ತೋಟವಾಗಿಯೇ ಹುಟ್ಟಿದ್ದು, ತೋಟವಾಗಿಯೇ ಬೆಳೆದದ್ದು. ಕೆಂಪಾಂಬುಧಿಯಾದರೋ ದುಡಿಯುವ ಕೆರೆಯಾಗಿ ಹುಟ್ಟಿ, ಆ ದುಡಿಮೆ ನಿಂತುಹೋದ ಬಹಳ ವರ್ಷಗಳ ಮೇಲೆ ವಿಹಾರದ ಜಾಗವೆನಿಸಿಕೊಂಡಿತು. ಈ ವ್ಯತ್ಯಾಸವನ್ನು ಗಮನಿಸದೆ ಅಲ್ಲಿಗೆ ಹೋದವರಿಗೆ ಅದು ಸಾಧಾರಣ ಉದ್ಯಾನವೊಂದರ ಹಾಗೆಯೂ, ಗಾಳಿಯ ದಿಕ್ಕು ಬದಲಾಗಿ ನೀರಿನ ನಾತ ಬಂದ ದಿನ ಅದಕ್ಕಿಂತ ಕಡೆಯಾಗಿಯೂ ತೋರುವುದು ಸಹಜ.

ಬೆಂಗಳೂರಿನ ಕೋಟೆಯ ನಿರ್ಮಾಣಕ್ಕೆ ಸಾಮಾನ್ಯವಾಗಿ ಹೇಳುವ ವರ್ಷ 1537. ವಿಜಯನಗರದ ಅರಸರಿಗೆ ಅಧೀನರಾಗಿದ್ದ ಮೊದಲನೆಯ ಕೆಂಪೇಗೌಡರು ಮಣ್ಣಿನ ಕೋಟೆಯನ್ನೂ ಅದರೊಳಗೆ ಚಿಕ್ಕಪೇಟೆ, ದೊಡ್ಡಪೇಟೆಗಳೆಂಬ ಮುಖ್ಯ ಬೀದಿಗಳನ್ನೂ ಕಸುಬುವಾರು ಪೇಟೆಗಳನ್ನೂ ಕಟ್ಟಿಸಿದರು. ಊರಿನ ಸುತ್ತಲೂ ಅವರೂ ಅವರ ಮನೆತನದವರೂ ಕಟ್ಟಿಸಿದ ಕೆರೆಗಳಲ್ಲಿ ಯಾವುದು ಯಾರ ಕಾಲದ್ದೆಂಬುದರ ಬಗ್ಗೆ ಬರೆಹಗಾರರಲ್ಲಿ ಒಮ್ಮತವಿಲ್ಲ. ಕೆಂಪಾಂಬುಧಿಯನ್ನು ಕೆಲವರು ಮೊದಲನೆಯ ಕೆಂಪೇಗೌಡರ ಹೆಸರಿಗೂ ಕೆಲವರು ಇಮ್ಮಡಿ ಕೆಂಪೇಗೌಡರ ಹೆಸರಿಗೂ ಹಚ್ಚುತ್ತಾರೆ. ಕೆರೆಗೆ ಆ ಹೆಸರು ಮನೆತನದ ಕುಲದೇವತೆಯಾದ ಕೆಂಪಮ್ಮನಿಂದ ಬಂದಿತೆಂಬುದು ಪ್ರತೀತಿ. ಪೇಟೆಯ ಪಶ್ಚಿಮಕ್ಕಿದ್ದ ಧರ್ಮಾಂಬುಧಿಯೂ ಇದೂ ಒಂದೇ ಬಗೆಯ ಹೆಸರು ಹೊತ್ತ ಕೆರೆಗಳು. ಧರ್ಮಾಂಬುಧಿ ಇದ್ದ ಸ್ಥಳದಲ್ಲಿ ಇಂದು ಮೆಜೆಸ್ಟಿಕ್‌ನ ಬಸ್ ನಿಲ್ದಾಣವಿದೆ. ಆದ್ದರಿಂದ ಕೆರೆ ಕಟ್ಟಿಸಿದವರು ಯಾರೆಂಬ ಚರ್ಚೆಗಿಂತ, ಜೊತೆಯವು ಬಹುಪಾಲು ಹೋದ ಮೇಲೂ ಇದು ಉಳಿದದ್ದು ಹೇಗೆಂಬ ಪ್ರಶ್ನೆ ಹೆಚ್ಚು ಕುತೂಹಲದ್ದು.

ಅದಕ್ಕೆ ಉತ್ತರ ಬಹುಮಟ್ಟಿಗೆ ನೆಲದ ಏರಿಳಿತದಲ್ಲಿದೆ. ಬೆಂಗಳೂರಿಗೆ ಜೀವನದಿಯಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಬೆನ್ನಿನ ಮೇಲೆ ಊರು ಕುಳಿತಿರುವುದರಿಂದ, ಬಿದ್ದ ಮಳೆ ಒಂದು ಕಡೆಗೆ ಹರಿದರೆ ಅರ್ಕಾವತಿಯ ಮೂಲಕ ಕಾವೇರಿಯನ್ನೂ ಇನ್ನೊಂದು ಕಡೆಗೆ ಹರಿದರೆ ದಕ್ಷಿಣ ಪಿನಾಕಿನಿಯನ್ನೂ ಸೇರುತ್ತದೆ. ಈ ನೀರಿಳಿವ ದಿಣ್ಣೆಯ ಒಂದು ಭಾಗ ಬಸವನಗುಡಿಯ ಬಂಡೆಗಳ ಆಸುಪಾಸಿನಲ್ಲಿ ಹಾದುಹೋಗುತ್ತದೆ. ಲಾಲ್‌ಬಾಗಿನ ಕಡೆಗೆ ಜಾರಿದ ಹನಿ ಕೋರಮಂಗಲ–ಚಲ್ಲಘಟ್ಟ ಕಣಿವೆಯತ್ತ ಇಳಿದರೆ, ಗವಿಪುರದ ಕಡೆಗೆ ಜಾರಿದ ಹನಿ ವೃಷಭಾವತಿಯ ಕಣಿವೆಗೆ ಇಳಿಯುತ್ತದೆ. ದೊಡ್ಡ ಬಸವನ ಗುಡಿಯಲ್ಲಿರುವ ನಂದಿಯ ಪಾದದ ಬಳಿಯೇ ವೃಷಭಾವತಿ ಹುಟ್ಟುತ್ತದೆಂಬ ಜನರ ನಂಬಿಕೆಯೂ, ಆ ಹೊಳೆಗೆ ಬಂದ ಹೆಸರೂ ಈ ನೆಲದ ಓಟಕ್ಕೆ ಹೊಂದಿಕೊಂಡಿವೆ. ಹೀಗೆ ಇಳಿಯುವ ನೀರನ್ನು ಅಡ್ಡಗಟ್ಟಿ ನಿಲ್ಲಿಸಲು ತಕ್ಕ ತಗ್ಗು ಗವಿಪುರದ ಪಶ್ಚಿಮಕ್ಕೆ ಸಿಕ್ಕಿತು. ಕೆರೆ ಅಲ್ಲಿ ಬಂತು. ಊರು ಬೆಳೆದು ಸುತ್ತಲಿನ ಇಳಿಜಾರುಗಳೆಲ್ಲ ಮನೆಗಳಾದ ಮೇಲೂ ತಗ್ಗು ತಗ್ಗಾಗಿಯೇ ಉಳಿಯಿತು, ನೀರು ತನ್ನ ದಾರಿಯನ್ನು ಮರೆಯಲಿಲ್ಲ.

ಕೆರೆಯನ್ನು ನೋಡಲು ಹೋಗುವವರು ಅದರ ಅಂಗಗಳನ್ನು ಹೆಸರಿಟ್ಟು ಗುರುತಿಸಲು ಕಲಿತರೆ ಭೇಟಿಯ ಸ್ವಾರಸ್ಯ ಹೆಚ್ಚುತ್ತದೆ. ಇಳಿಜಾರಿನ ತಗ್ಗಿನ ಕಡೆಗೆ ಅಡ್ಡವಾಗಿ ಹಾಕಿದ ಮಣ್ಣಿನ ಒಡ್ಡನ್ನು ಏರಿಯೆನ್ನುತ್ತಾರೆ. ಅದರ ಒಳಮೈಗೆ ಅಲೆಯ ಹೊಡೆತ ತಡೆಯಲು ಕಲ್ಲು ಹಾಸಿರುತ್ತಾರೆ. ಏರಿಯ ಅಡಿಯಿಂದ ಬೇಕಾದಷ್ಟೇ ನೀರನ್ನು ಹೊರಬಿಡುವ ಕಿಂಡಿ ತೂಬು. ಹಳೆಯ ತೂಬುಗಳಲ್ಲಿ ಎರಡು ಕಲ್ಲುಕಂಬಗಳ ನಡುವೆ ಮೇಲಕ್ಕೆಳೆಯುವ ಮುಚ್ಚಳವಿರುತ್ತಿತ್ತು. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಏರಿಯನ್ನು ಕೊರೆಯದೆ ಪಕ್ಕಕ್ಕೆ ಹರಿದುಹೋಗಲು ಬಿಟ್ಟ ದಾರಿ ಕೋಡಿ. ತೂಬಿನ ನೀರು ಉಣ್ಣುವ ಗದ್ದೆಬಯಲು ಅಚ್ಚುಕಟ್ಟು. ಮೇಲಿನ ಕೆರೆಯ ಕೋಡಿಯಿಂದ ಕೆಳಗಿನ ಕೆರೆಗೆ ನೀರೊಯ್ಯುವ ದೊಡ್ಡ ಕಾಲುವೆ ರಾಜಕಾಲುವೆ. ಈ ಕಡೆಯದಕ್ಕೆ ನಗರದ ಪತ್ರಿಕೆಗಳಲ್ಲಿ ಈಗ ಬಹುತೇಕ ಚರಂಡಿಯೆಂಬ ಅರ್ಥವೇ ನಿಂತುಬಿಟ್ಟಿದೆ.

ಇವಿಷ್ಟು ಕಲ್ಲುಮಣ್ಣಿನ ಕೆಲಸವಾದರೆ, ಕೆರೆಯನ್ನು ಸಂಸ್ಥೆಯನ್ನಾಗಿ ಮಾಡಿದ್ದು ಜನರ ಏರ್ಪಾಡು. ತೂಬು ಎತ್ತಿ ಇಳಿಸಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ಹಂಚುವವನು ನೀರಗಂಟಿ. ಕೆರೆಯ ದುರಸ್ತಿಗಾಗಿ ಬಿಟ್ಟ ಮಾನ್ಯದ ಭೂಮಿ ಕಟ್ಟುಕೊಡಗೆ. ಕೆರೆಯ ನಿರ್ವಹಣೆಗೆಂದು ಬಿಟ್ಟ ಹುಟ್ಟುವಳಿಯ ಪಾಲಿಗೆ ಕರ್ನಾಟಕದ ಶಾಸನಗಳಲ್ಲಿ ಬಿತ್ತುವಟ್ಟವೆಂಬ ಹೆಸರಿದೆ. ಬೇಸಗೆಯಲ್ಲಿ ಅಂಗಳ ಒಣಗಿದಾಗ ಹೂಳು ತೆಗೆದು ರೈತರು ಹೊಲಕ್ಕೆ ಹೊಡೆಯುತ್ತಿದ್ದರು, ಕುಂಬಾರರು ಮಣ್ಣು ಒಯ್ಯುತ್ತಿದ್ದರು. ಕೆರೆ ಆಳವಾಗುವುದಕ್ಕೆ ಯಾರೂ ಪ್ರತ್ಯೇಕ ಟೆಂಡರು ಕರೆಯಬೇಕಾಗಿರಲಿಲ್ಲ. ವಿಜಯನಗರದ ಕಾಲದ ಕೆರೆ ವಿದ್ಯೆ ಎಷ್ಟು ಮಾಗಿತ್ತೆಂಬುದನ್ನು ಈಗಿನ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಸಿಕ್ಕಿದ 1369ರ ಸಂಸ್ಕೃತ ಶಾಸನ ತಿಳಿಸುತ್ತದೆ. ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಕೆರೆಯ ಬಗೆಗಿನ ಆ ಬರೆಹವು ಒಳ್ಳೆಯ ಕೆರೆಗೆ ಬೇಕಾದ 12 ಸಾಧನಗಳನ್ನೂ ಕೆರೆಗೆ ಬರುವ 6 ದೋಷಗಳನ್ನೂ ಎಣಿಸುತ್ತದೆ: ಜಲಶಾಸ್ತ್ರ ಬಲ್ಲವನಿರಬೇಕು, ನೆಲ ಗಟ್ಟಿಯಾಗಿರಬೇಕು, ಏರಿಯಲ್ಲಿ ನೀರು ಜಿನುಗಬಾರದು, ಚೌಳು ಮಣ್ಣಿರಬಾರದು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಬರಬಾರದು, ನಡುವೆ ದಿಬ್ಬವಿರಬಾರದು. ಆ ಆರು ದೋಷಗಳಲ್ಲಿ ಬಚ್ಚಲ ನೀರು ಸೇರುವುದೆಂಬುದು ಇಲ್ಲ. ಅಂಥದೊಂದು ದೋಷ ಬಂದೀತೆಂದು ಆ ಕಾಲದವರು ಊಹಿಸಿರಲಿಕ್ಕಿಲ್ಲ.

ಕೆಂಪಾಂಬುಧಿಯನ್ನು ನೋಡುವ ಸರಿಯಾದ ಕ್ರಮವೆಂದರೆ ಕೆರೆಯಿಂದ ಆರಂಭಿಸದೆ, ನೀರು ಇಳಿದು ಬರುವ ಮೇಲಿನ ಬಂಡೆಗಳಿಂದ ಆರಂಭಿಸುವುದು. ನ್ಯಾಷನಲ್ ಕಾಲೇಜ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ಗಾಂಧಿಬಜಾರಿನ ಮೂಲಕ ನಡೆದರೆ ಕಹಳೆ ಬಂಡೆ, ದೊಡ್ಡ ಗಣೇಶ ಮತ್ತು ದೊಡ್ಡ ಬಸವನ ಗುಡಿಗಳು ಸಿಗುತ್ತವೆ. 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನ ಅದೇ ದಾರಿಯಲ್ಲಿರುವುದರಿಂದ ದೋಸೆಯ ವಿಷಯದಲ್ಲಿ ಪ್ರತ್ಯೇಕ ಸೂಚನೆ ಬೇಕಾಗಿಲ್ಲ. ಕಹಳೆ ಬಂಡೆಯೂ ಲಾಲ್‌ಬಾಗಿನ ಬಂಡೆಯೂ ಒಂದೇ ಜಾತಿಯವು. ಭೂವಿಜ್ಞಾನಿಗಳು ದ್ವೀಪಕಲ್ಪದ ನೈಸ್ ಎಂದು ಕರೆಯುವ, ಪಟ್ಟೆಪಟ್ಟೆಯಾಗಿ ಕಾಣುವ ಈ ರೂಪಾಂತರಿತ ಶಿಲೆಗೆ ಸುಮಾರು 300 ಕೋಟಿ ವರ್ಷಗಳ ವಯಸ್ಸಿದೆ. ಲಾಲ್‌ಬಾಗಿನ ಬಂಡೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಕಾರ್ತಿಕದ ಕಡೆಯ ಸೋಮವಾರ ಈ ಬೀದಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ. ಸುತ್ತಲಿನ ಹಳ್ಳಿಗಳ ಕಡಲೆಕಾಯಿ ಹೊಲಕ್ಕೆ ನುಗ್ಗುತ್ತಿದ್ದ ಬಸವ ಕಲ್ಲಾದನೆಂಬ ಕಥೆ ಆ ಪರಿಷೆಗೆ ಮೂಲ. ದಕ್ಷಿಣ ಅಮೆರಿಕದ ಬೆಳೆಯಾದ ಕಡಲೆಕಾಯಿ ಕೆಂಪೇಗೌಡರ ಕಾಲಕ್ಕೇ ಈ ಹಳ್ಳಿಗಳ ಹೊಲಗಳನ್ನು ಮುಟ್ಟಿತ್ತೇ ಎಂದು ಚರಿತ್ರೆ ಓದಿದವರು ಅನುಮಾನಿಸಬಹುದಾದರೂ, ಬಿಸಿ ಕಾಯಿ ಕೊಳ್ಳುವವರಿಗೆ ಅದರಿಂದ ಅಡ್ಡಿಯಾಗಿಲ್ಲ. ಪರಿಷೆಯ ಸಂದರ್ಭದಲ್ಲಿ ಕೆಂಪಾಂಬುಧಿಯಲ್ಲಿ ಬಸವಣ್ಣನ ತೆಪ್ಪೋತ್ಸವ, ಅಂದರೆ ಉತ್ಸವಮೂರ್ತಿಯನ್ನು ತೆಪ್ಪದಲ್ಲಿಟ್ಟು ನೀರಿನ ಮೇಲೆ ಸುತ್ತಿಸುವ ಸೇವೆ, ನಡೆದದ್ದೂ ಉಂಟು.

ಬಸವನ ಗುಡಿಯಿಂದ ಗವಿಪುರಕ್ಕೆ ನಡಿಗೆಯ ದೂರ. ಕನ್ನಡ ಸಣ್ಣಕಥೆಗೆ ರೂಪ ಕೊಟ್ಟ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಬಹುಕಾಲ ವಾಸಿಸಿದ್ದು ಈ ಗವಿಪುರದಲ್ಲೇ. ಇಲ್ಲಿನ ಗವಿ ಗಂಗಾಧರೇಶ್ವರ ದೇವಾಲಯದ ಗರ್ಭಗುಡಿ ಬಂಡೆಯೊಳಗೆ ಕೊರೆದ ಗುಹೆ. ಮುಂದಿನ ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನಗಳೆಂದು ಕರೆಯುವ ಎರಡು ದೊಡ್ಡ ಕಲ್ಲಿನ ಬಿಲ್ಲೆಗಳೂ ತ್ರಿಶೂಲ, ಡಮರುಗಗಳೂ ಕಂಬಗಳ ಮೇಲೆ ನಿಂತಿವೆ. ಒಳಗಿರುವ ಅಗ್ನಿಯ ವಿಗ್ರಹಕ್ಕೆ ಎರಡು ತಲೆ, ಏಳು ಕೈ, ಮೂರು ಕಾಲುಗಳು; ಇಂಥ ರೂಪ ದೇವಾಲಯಗಳಲ್ಲಿ ಅಪರೂಪ. ನಾಣ್ಯ ಟಂಕಿಸಿದ ಆರೋಪದ ಮೇಲೆ ವಿಜಯನಗರದಲ್ಲಿ ಸೆರೆಯಲ್ಲಿದ್ದ ಮೊದಲನೆಯ ಕೆಂಪೇಗೌಡರು ಬಿಡುಗಡೆಯಾದ ಮೇಲೆ ಈ ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿದರೆಂದು ಐತಿಹ್ಯ ಹೇಳುತ್ತದೆ. ಮಕರ ಸಂಕ್ರಾಂತಿಯ ಸಂಜೆ ಮುಳುಗುವ ಸೂರ್ಯನ ಕಿರಣ ಕಿಂಡಿಯೊಂದರ ಮೂಲಕ ಹಾದು, ನಂದಿಯ ಕೊಂಬುಗಳ ನಡುವಿನಿಂದ ಲಿಂಗವನ್ನು ಮುಟ್ಟುವುದನ್ನು ನೋಡಲು ಸಾವಿರಾರು ಜನ ಸೇರುತ್ತಾರೆ. ಬ್ರಿಟಿಷ್ ಚಿತ್ರಕಾರರಾದ ಥಾಮಸ್ ಮತ್ತು ವಿಲಿಯಂ ಡೇನಿಯಲ್ 1792ರಲ್ಲಿ ಬರೆದ ಚಿತ್ರಗಳನ್ನು ಇಂದಿನ ಕಟ್ಟಡದ ಜೊತೆ ಹೋಲಿಸಿದ ಅಧ್ಯಯನವೊಂದರ ಪ್ರಕಾರ ಆಗ ಅಂಗಳದಲ್ಲಿ ಇಷ್ಟು ಗೋಡೆ, ಮಂಟಪಗಳಿರಲಿಲ್ಲ. ಬೆಳಕು ಒಳಬರುತ್ತಿದ್ದ ದಿನಗಳೂ ಬೇರೆಯಾಗಿದ್ದವು. ದೇವಾಲಯವೂ ಕೆರೆಯಂತೆಯೇ ಕಾಲಕ್ಕೆ ತಕ್ಕಂತೆ ಕಟ್ಟಿ ತಿದ್ದಿದ ವಸ್ತುವೆಂಬುದು ಇದರಿಂದ ಗೊತ್ತಾಗುತ್ತದೆ.

ಗವಿಪುರದ ಬಂಡೆ ಮಹಾಕಾಳಿ ದೇವಸ್ಥಾನದ ಸಮೀಪ, ಕೆರೆಯ ಬಳಿಯಲ್ಲಿ ನಿಂತಿರುವ ಕಲ್ಲಿನ ಗೋಪುರ, ಊರಿನ ನಾಲ್ಕು ದಿಕ್ಕಿಗೆ ಎತ್ತಿಸಿದ್ದೆಂದು ಹೇಳುವ ನಾಲ್ಕು ಕೆಂಪೇಗೌಡ ಗೋಪುರಗಳಲ್ಲಿ ಒಂದು. ಉಳಿದವು ಲಾಲ್‌ಬಾಗಿನ ಬಂಡೆಯ ಮೇಲೆ, ಹಲಸೂರು ಕೆರೆಯ ಹತ್ತಿರ ಮತ್ತು ಮೇಖ್ರಿ ವೃತ್ತದ ಬಳಿ ಇವೆ. ಊರು ಈ ಗಡಿಯನ್ನು ದಾಟಿ ಬೆಳೆಯಬಾರದೆಂಬ ಎಚ್ಚರಿಕೆಯ ಕಥೆ ಅವುಗಳಿಗೆ ಅಂಟಿಕೊಂಡಿದೆ. ಊರು ಆ ಎಚ್ಚರಿಕೆಯನ್ನು ಕೇಳಿಸಿಕೊಂಡಿಲ್ಲವೆಂಬುದಕ್ಕೆ ಗೋಪುರದ ಸುತ್ತಲಿನ ಮನೆಗಳೇ ಸಾಕ್ಷಿ. ಗಮನಿಸಬೇಕಾದ ಸಂಗತಿಯೆಂದರೆ ನಾಲ್ಕರಲ್ಲಿ ಮೂರು ಗೋಪುರಗಳು ಕೆರೆಯ ಆಸುಪಾಸಿನಲ್ಲೇ ಇರುವುದು. ಕಾವಲಿಗೆ ಎತ್ತರದ ಬಂಡೆ ಬೇಕು, ಬದುಕಿಗೆ ಬಂಡೆಯ ಬುಡದಲ್ಲಿ ನಿಲ್ಲುವ ನೀರು ಬೇಕು. ಎರಡೂ ಒಂದೇ ಕಡೆ ಸಿಗುವ ನೆಲ ಇದು. 2022ರ ನವೆಂಬರಿನಲ್ಲಿ ವಿಮಾನ ನಿಲ್ದಾಣದ ಆವರಣದಲ್ಲಿ ಕೆಂಪೇಗೌಡರ 108 ಅಡಿ ಎತ್ತರದ ಕಂಚಿನ ಪ್ರತಿಮೆ ಅನಾವರಣಗೊಂಡಿತು. ಅದನ್ನು ನೋಡಿ ಹೆಮ್ಮೆಪಡುವವರು ಅವರ ಮನೆತನದ ಕೈಕೆಲಸವೇ ಆದ ಈ ಕೆರೆಯ ಏರಿಯ ಮೇಲೂ ಒಂದು ಸಂಜೆ ನಿಂತುಕೊಳ್ಳುವುದು ಒಳ್ಳೆಯದು. ಪ್ರವೇಶಕ್ಕೆ ವಿಮಾನದ ಟಿಕೆಟ್ಟೂ ಬೇಡ.

ಕೆರೆಯ ದಡದಲ್ಲಿ ಬೆಳಗ್ಗೆ ಮತ್ತು ಸಂಜೆ ನಡೆಯಲು ಬರುವವರು ಹೆಚ್ಚಾಗಿ ಸುತ್ತಲಿನ ಬಡಾವಣೆಗಳವರು. ಎರಡು ಕೋಣೆಯ ಮನೆ, ಹತ್ತಡಿ ಅಗಲದ ಅಡ್ಡರಸ್ತೆ, ರಸ್ತೆಯ ಅರ್ಧವನ್ನು ಆಕ್ರಮಿಸಿ ನಿಂತ ವಾಹನಗಳು ಇರುವಲ್ಲಿ, ಆಕಾಶ ಅಡೆತಡೆಯಿಲ್ಲದೆ ಕಾಣುವ ಇಷ್ಟು ಅಗಲದ ಬಯಲು ಮುದುಕರಿಗೂ ಮಕ್ಕಳಿಗೂ ಎಷ್ಟು ಬೇಕಾದುದೆಂದು ವಿವರಿಸಬೇಕಾಗಿಲ್ಲ. ಹಕ್ಕಿ ನೋಡುವವರಿಗೂ ಇಂಥ ಕೆರೆಗಳು ಬರಿಗೈಯಲ್ಲಿ ಕಳಿಸುವುದಿಲ್ಲ. ಮುಳುಗಿ ಮೀನು ಹಿಡಿದು, ನೆನೆದ ರೆಕ್ಕೆಗಳನ್ನು ಹರಡಿ ಒಣಗಿಸಿಕೊಳ್ಳುವ ನೀರುಕಾಗೆ, ಹಣೆಯ ಮೇಲೆ ಬಿಳಿಯ ಗುರುತಿರುವ ನಾಮದ ಕೋಳಿ, ಕಲ್ಲಿನಂತೆ ಕದಲದೆ ನಿಲ್ಲುವ ಕೊಳದ ಬಕ, ಬೆಳ್ಳಕ್ಕಿ, ಮಿಂಚುಳ್ಳಿ, ಗರುಡ ಇವು ಬೆಂಗಳೂರಿನ ಕೆರೆಗಳಲ್ಲಿ ಸಾಮಾನ್ಯವಾಗಿ ಕಾಣುವವು. ಆದರೆ ಹಕ್ಕಿಗಳಿದ್ದ ಮಾತ್ರಕ್ಕೆ ನೀರು ಶುದ್ಧವೆಂದು ತೀರ್ಮಾನಿಸುವುದು ತಪ್ಪು. ಉದ್ದನೆಯ ಕೆಂಪು ಕಾಲುಗಳ ಮೆಟ್ಟುಗಾಲು ಹಕ್ಕಿ ಕೊಳಚೆ ಸೇರಿದ ಆಳವಿಲ್ಲದ ನೀರಿನಲ್ಲೂ ಹುಳು ಹೆಕ್ಕುತ್ತಾ ಹಾಯಾಗಿರುತ್ತದೆ. ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ಅಂಗಳವನ್ನು ಬೋಗುಣಿಯಂತೆ ಎಲ್ಲ ಕಡೆ ಒಂದೇ ಸಮನೆ ಆಳಕ್ಕೆ ಅಗೆದು, ಸುತ್ತ ಕಲ್ಲು ಕಟ್ಟಿ, ಕಂಬಿಬೇಲಿ ಹಾಕುವ ಪದ್ಧತಿ ನಗರದಲ್ಲಿ ಬೇರೂರಿದೆ. ಅದರಿಂದ ಜೊಂಡು ಬೆಳೆಯುವ, ಕಾಲೂರಿ ಮೇಯುವ ಹಕ್ಕಿಗಳಿಗೆ ಬೇಕಾದ ತೆಳುನೀರಿನ ಅಂಚು ಇಲ್ಲವಾಗುತ್ತದೆ. ಏರಿಯ ಮೇಲೆ ದೊಡ್ಡ ಮರ ನೆಡುವುದೂ ನೋಟಕ್ಕೆ ಚೆಂದ, ಏರಿಗೆ ಕೇಡು. ಬೇರು ಸತ್ತ ಮೇಲೆ ಉಳಿಯುವ ಪೊಳ್ಳಿನಲ್ಲಿ ನೀರು ಜಿನುಗುವ ದಾರಿ ಹಿಡಿಯುತ್ತದೆಂಬುದು ಕೆರೆಯ ಕೆಲಸ ಬಲ್ಲವರ ಹಳೆಯ ತಿಳಿವಳಿಕೆ.

ಕೆಂಪಾಂಬುಧಿಯ ನಿಜವಾದ ತೊಡಕು ದಡದಲ್ಲಿಲ್ಲ, ನೀರಿನಲ್ಲಿದೆ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯ ನೀರು ಬಂದ ಮೇಲೆ ಊರಿನ ಕೆರೆಗಳ ಮೇಲಿನ ಅವಲಂಬನೆ ಸಡಿಲವಾಗತೊಡಗಿತು. 1930ರ ದಶಕದ ತಿಪ್ಪಗೊಂಡನಹಳ್ಳಿ ಜಲಾಶಯ ಮತ್ತು 1974ರ ಕಾವೇರಿ ಮೊದಲ ಹಂತದ ನಂತರ ಆ ಸಂಬಂಧ ಪೂರಾ ಕಡಿದುಹೋಯಿತು. ಕುಡಿಯುವ ನೀರು ನಲ್ಲಿಯಲ್ಲಿ ಬಂದದ್ದೇ ಬಳಸಿದ ನೀರಿನ ಪ್ರಮಾಣವೂ ಹೆಚ್ಚಿತು. ಒಳಚರಂಡಿ ಬಡಾವಣೆಗಳ ವೇಗಕ್ಕೆ ಬೆಳೆಯಲಿಲ್ಲ. 1898ರ ಪ್ಲೇಗಿನ ನಂತರ ಬಸವನಗುಡಿಯನ್ನು ಅಳತೆ ಹಾಕಿ ಕಟ್ಟಿದ ಓರಣ ಅದರ ಪಶ್ಚಿಮದ ಇಳಿಜಾರುಗಳಲ್ಲಿ ಎದ್ದ ಕಿಕ್ಕಿರಿದ ಬೀದಿಗಳಿಗೆ ಸಿಗಲಿಲ್ಲ. ಕೆರೆಗೆ ಮಳೆನೀರು ತರಬೇಕಾದ ಕಾಲುವೆಗಳಲ್ಲಿ ಮನೆಯ ಕೊಳಚೆ ಇಳಿಯಿತು. ಕೆರೆಗೆ ಕೊಳಚೆ ಸೇರುತ್ತಿರುವುದೂ ಮೀನು ಸಾಯುವುದೂ ನಾತ ಹರಡುವುದೂ ದಶಕಗಳಿಂದ ಪತ್ರಿಕೆಗಳಲ್ಲಿ ಮರಳಿ ಮರಳಿ ವರದಿಯಾಗುತ್ತಿರುವ ಸಂಗತಿಗಳು.

ಮೀನು ಸಾಯುವ ಬಗೆಯನ್ನು ಇಲ್ಲಿ ಬಿಡಿಸಿ ಹೇಳಬಹುದು. ಮಲಮೂತ್ರ ಮತ್ತು ಸಾಬೂನಿನ ಪುಡಿಗಳಿಂದ ಬರುವ ಸಾರಜನಕ, ರಂಜಕಗಳು ನೀರಿನ ಪಾಚಿಗೆ ಗೊಬ್ಬರವಾಗುತ್ತವೆ, ನೀರು ಹಸಿರುಗಟ್ಟುತ್ತದೆ. ಹಗಲಿನಲ್ಲಿ ಬಿಸಿಲಿನ ಬಲದಿಂದ ಆಮ್ಲಜನಕ ಬಿಡುವ ಇದೇ ಪಾಚಿ ರಾತ್ರಿ ಅದನ್ನು ಹೀರಿಕೊಳ್ಳುತ್ತದೆ, ಸತ್ತು ಕೊಳೆಯುವ ಪಾಚಿಯನ್ನು ತಿನ್ನುವ ಸೂಕ್ಷ್ಮಜೀವಿಗಳೂ ಆಮ್ಲಜನಕವನ್ನೇ ಬೇಡುತ್ತವೆ. ಆದ್ದರಿಂದ ಬೆಳಗಿನ ಜಾವಕ್ಕೆ ನೀರಿನಲ್ಲಿ ಉಸಿರಾಡುವಷ್ಟು ಗಾಳಿ ಇರುವುದಿಲ್ಲ. ಬೇಸಗೆಯ ಕಡೆಯಲ್ಲಿ ಬರುವ ಮೊದಲ ಜೋರು ಮಳೆ ತಿಂಗಳುಗಟ್ಟಲೆ ಬೀದಿ, ಚರಂಡಿಗಳಲ್ಲಿ ಸೇರಿದ ಕೊಳಕನ್ನು ಒಮ್ಮೆಲೇ ಕೆರೆಗೆ ತಳ್ಳಿ, ತಳದ ಕೆಸರನ್ನೂ ಕಲಕಿದಾಗ ಉಳಿದಿದ್ದ ಆಮ್ಲಜನಕವೂ ಮುಗಿದು ಮೀನುಗಳು ರಾಶಿಯಾಗಿ ತೇಲುತ್ತವೆ. ಮಳೆಯೇ ಮೀನನ್ನು ಕೊಂದಿತೆಂದು ನೋಡುವವರಿಗೆ ತೋರಿದರೂ, ಕೊಂದದ್ದು ಮಳೆ ತೊಳೆದು ತಂದ ಕೊಳಕು.

ಹೀಗಾದರೂ ಕೆರೆ ಉಳಿದಿದೆಯೆಂಬುದು ಸಣ್ಣ ಮಾತಲ್ಲ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಬಂತು. ಸಿದ್ದಿಕಟ್ಟೆಯ ಜಾಗದಲ್ಲಿ ಕೃಷ್ಣರಾಜ ಮಾರುಕಟ್ಟೆ, ಅಕ್ಕಿತಿಮ್ಮನಹಳ್ಳಿ ಕೆರೆಯ ಜಾಗದಲ್ಲಿ ಹಾಕಿ ಕ್ರೀಡಾಂಗಣ, ಕೋರಮಂಗಲದ ಕೆರೆಯಂಗಳದಲ್ಲಿ ರಾಷ್ಟ್ರೀಯ ಕ್ರೀಡಾಗ್ರಾಮ ಬಂದವು. ಬಸವನಗುಡಿಯ ಕಾರಂಜಿ ಕೆರೆ ಹೋಗಿ ಕಾರಂಜಿ ಆಂಜನೇಯನ ಹೆಸರಿನಲ್ಲಷ್ಟೇ ಉಳಿಯಿತು. ಲಕ್ಷ್ಮಣರಾವ್ ಸಮಿತಿಯು 1980ರ ದಶಕದಲ್ಲಿ ಕೆರೆಗಳನ್ನು ಕಾಪಾಡಲು ಮಾಡಿದ ಶಿಫಾರಸುಗಳು ಈ ಕರಗುವಿಕೆಗೆ ಒಂದು ತಡೆಯೊಡ್ಡಿದವು. ಕೆರೆಯ ಸುತ್ತ ಕಟ್ಟಡ ಕಟ್ಟಬಾರದ ಅಂಚಿನ ಅಗಲವನ್ನು 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 75 ಮೀಟರಿಗೆ ಹೆಚ್ಚಿಸಿದ ಆದೇಶವನ್ನು 2019ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಕೆಂಪಾಂಬುಧಿಯಂಥ ಹಳೆಯ ಬಡಾವಣೆಗಳ ನಡುವಿನ ಕೆರೆಗೆ ಈ ಮೀಟರುಗಳ ವಾದದಿಂದ ಹೆಚ್ಚಿನ ಲಾಭವೂ ನಷ್ಟವೂ ಇಲ್ಲ. ಅದರ ಸುತ್ತ ಅಂಚೆಂಬುದು ಎಂದೋ ತುಂಬಿಹೋಗಿದೆ.

ನೀರಿನ ಅಂಚನ್ನು ವಿಹಾರಕ್ಕೆ ತೆರೆಯುವ ಪ್ರಯತ್ನ ಜಗತ್ತಿನ ಹಲವು ನಗರಗಳಲ್ಲಿ ನಡೆದಿದೆ. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಚಂಗ್ಯೆಚನ್ ಎಂಬ ತೊರೆಯ ಮೇಲೆ ಕಟ್ಟಿದ್ದ ಮೇಲ್ಸೇತುವೆಯನ್ನೇ ಕಿತ್ತುಹಾಕಿ 2005ರಲ್ಲಿ ತೊರೆಯನ್ನು ಮತ್ತೆ ಬೆಳಕಿಗೆ ತಂದರು. ಅದು ಬಹಳ ಹೊಗಳಿಕೆ ಪಡೆದ ಕೆಲಸವಾದರೂ ಅಲ್ಲಿ ಹರಿಯುವ ನೀರಿನ ಬಹುಪಾಲು ಹಾನ್ ನದಿಯಿಂದ ಪಂಪಿನಲ್ಲಿ ಎತ್ತಿ ಬಿಟ್ಟದ್ದು. ಸಿಂಗಪುರದ ಬಿಶಾನ್ ಉದ್ಯಾನದಲ್ಲಿ 2012ರ ವೇಳೆಗೆ ಕಾಂಕ್ರೀಟು ಕಾಲುವೆಯನ್ನು ಒಡೆದು ಕಲ್ಲಾಂಗ್ ನದಿಗೆ ಬಳುಕುವ ದಡ ಕೊಟ್ಟರು, ಮಳೆ ಬಂದಾಗ ಉದ್ಯಾನದ ಹುಲ್ಲುಹಾಸೇ ನೆರೆಯನ್ನು ಹೊತ್ತುಕೊಳ್ಳುವಂತೆ ಮಾಡಿದರು. ಆದರೆ ಸಿಂಗಪುರದಲ್ಲಿ ಕೊಳಚೆಯ ಕೊಳವೆಯೂ ಮಳೆಯ ಕಾಲುವೆಯೂ ಬೇರೆ ಬೇರೆಯಾಗಿರುವುದರಿಂದ ಅದು ಸಾಧ್ಯವಾಯಿತು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಉತ್ತರ ಬೆಂಗಳೂರಿನ ಜಕ್ಕೂರಿನಲ್ಲಿ ಶುದ್ಧೀಕರಣ ಘಟಕದಿಂದ ಹೊರಬಂದ ನೀರು ಮೊದಲು ಜೊಂಡಿನ ಜೌಗಿನಲ್ಲಿ ಸೋಸಿ ಆಮೇಲೆ ಕೆರೆ ಸೇರುತ್ತದೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು 2010ರಲ್ಲಿ ಹುಟ್ಟಿದ ಅಕ್ಕಪಕ್ಕದ ನಿವಾಸಿಗಳ ಟ್ರಸ್ಟು ನಗರಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು ನೋಡಿಕೊಳ್ಳುತ್ತ ಬಂದಿದೆ. ಪಕ್ಕದ ವಸತಿ ಸಮುಚ್ಚಯದಲ್ಲಿ ಶುದ್ಧಗೊಳಿಸಿದ ನೀರು ಆ ಕೆರೆಯನ್ನು ತುಂಬಿಸಲು ನೆರವಾಗಿದೆ. ಇವೆರಡೂ ಕಡೆ ಕೆಲಸ ಬೆಂಚು ಮತ್ತು ದೀಪದ ಕಂಬಗಳಲ್ಲೇ ನಿಲ್ಲದೆ ನೀರಿನ ವ್ಯವಸ್ಥೆಯೂ ಆಯಿತು. ಬೆಂಚಿನಲ್ಲೇ ನಿಂತುಹೋದ ಕೆರೆಗಳ ಕಥೆ ನಗರದಲ್ಲಿ ಎಲ್ಲರಿಗೂ ಗೊತ್ತಿದೆ.

ಕೆಂಪಾಂಬುಧಿಗೆ ಹೋಗಲು ಆಗಸ್ಟಿನಿಂದ ಜನವರಿಯವರೆಗಿನ ಕಾಲ ಅನುಕೂಲ. ಮಳೆ ಚೆನ್ನಾಗಿ ಹೊಯ್ದ ಮೇಲೆ ಕೆರೆಯ ನೀರು ತುಸು ತಿಳಿಯಾಗುತ್ತದೆ, ಚಳಿಗಾಲದಲ್ಲಿ ಹಕ್ಕಿಗಳು ಹೆಚ್ಚುತ್ತವೆ, ಕಾರ್ತಿಕದ ಪರಿಷೆ ಮತ್ತು ಸಂಕ್ರಾಂತಿ ಎರಡೂ ಈ ಅವಧಿಯಲ್ಲೇ ಬರುತ್ತವೆ. ಗವಿ ದೇವಾಲಯವನ್ನು ಸಮಾಧಾನವಾಗಿ ನೋಡಬೇಕೆನ್ನುವವರು ಸಂಕ್ರಾಂತಿಯ ದಿನವನ್ನು ಮಾತ್ರ ತಪ್ಪಿಸಬೇಕು. ಬಂಡೆ, ಗುಡಿ, ಗೋಪುರ, ಕೆರೆ ಎಂಬ ಕ್ರಮದಲ್ಲಿ ಇಳಿದು ಬಂದವರಿಗೆ ಕೊನೆಯಲ್ಲಿ ಶ್ರೀನಗರದ ಬಸ್ ನಿಲ್ದಾಣ ಹತ್ತಿರವಾಗುತ್ತದೆ. ಹಾದಿಯ ಕಡೆಯ ಈ ತುಂಡಿನಲ್ಲಿ ನೋಡುವಂಥ ಸ್ಮಾರಕಗಳಿಲ್ಲ; ಆದರೆ ಅಡ್ಡರಸ್ತೆಗಳ ಇಳಿಜಾರು ಯಾವ ಕಡೆಗೆ ವಾಲಿದೆ, ಚಾವಣಿಗಳ ನೀರು ಯಾವ ಮೋರಿಗೆ ಬೀಳುತ್ತದೆ ಎಂಬುದನ್ನು ಕಣ್ಣಿಟ್ಟು ನೋಡುತ್ತ ನಡೆದರೆ ಕೆರೆಯ ಸ್ಥಿತಿಗೆ ಕಾರಣ ಎಲ್ಲಿದೆಯೆಂಬುದು ತಿಳಿಯುತ್ತದೆ.

ಕೆಂಪಾಂಬುಧಿಯಿಂದ ಹೊರಟ ನೀರು ಮೈಸೂರು ರಸ್ತೆಯ ಬದಿಯ ವೃಷಭಾವತಿಗೆ ಸೇರಿ, ಬಿಡದಿ ಸಮೀಪದ ಬೈರಮಂಗಲ ಜಲಾಶಯವನ್ನು ಹಾದು, ಅರ್ಕಾವತಿಯೊಳಗೆ ಬೆರೆತು, ಮೇಕೆದಾಟಿನ ಬಳಿಯ ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ. ಅದೇ ಕಾವೇರಿಯ ನೀರನ್ನು ತೊರೆಕಾಡನಹಳ್ಳಿಯಿಂದ ಮೂರು ಹಂತಗಳಲ್ಲಿ ಮೇಲೆತ್ತಿ, ಸುಮಾರು 100 ಕಿಲೋಮೀಟರ್ ದೂರದಿಂದ ಶ್ರೀನಗರದ ನಲ್ಲಿಗಳಿಗೆ ತರಲಾಗುತ್ತಿದೆ. ಬೆಂಗಳೂರಿನಲ್ಲಿ 2009ರಿಂದ ನಿಗದಿತ ಅಳತೆಯ ನಿವೇಶನಗಳಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾಗಿದೆ. ಆದ್ದರಿಂದ ಈ ಕೆರೆಯ ಸುತ್ತಲಿನ ಬಡಾವಣೆಗಳ ನಿವಾಸಿಗಳು ಅಲ್ಲಿಗೆ ನಡಿಗೆಗೆ ಹೊರಡುವ ಮುನ್ನ ತಮ್ಮ ಮನೆಯ ಚಾವಣಿಯ ಕೊಳವೆ ಎಲ್ಲಿಗೆ ಕೂಡಿದೆ, ಬಚ್ಚಲಿನ ಕೊಳವೆ ಎಲ್ಲಿಗೆ ಇಳಿದಿದೆ ಎಂದು ಒಮ್ಮೆ ನೋಡಿಕೊಳ್ಳಬೇಕು. ಬಚ್ಚಲ ನೀರು ಮಳೆಯ ಮೋರಿಗೆ ಬೀಳುತ್ತಿದ್ದರೆ ಅದನ್ನು ಒಳಚರಂಡಿಗೆ ತಿರುಗಿಸುವುದು ಯೋಜನೆ, ಅನುದಾನಗಳಿಗೆ ಕಾಯಬೇಕಾದ ಕಾರ್ಯವಲ್ಲ, ಪ್ಲಂಬರ್ ಒಬ್ಬನನ್ನು ಕರೆಸಿದರೆ ಆಗುವ ಕೆಲಸ.